ಟೀಚರ್ ಮನೆ ಬೆಳ್ಳಗಾದದ್ದು

ನನ್ನ ತಮ್ಮ ಇಂಗ್ವಾಲ್ ಕಂಪನಿ ಮಾಲೀಕನಾದ ದಿನ ನಮ್ಮ ಸ್ಟ್ರೌಮ್‌ವಿಕ್‌ನಲ್ಲಿ ಯಾರೂ ನಗಲಿಲ್ಲ. ನಮ್ಮೂರಿನವರು ಮರ್ಯಾದಸ್ಥರು, ಎದುರಿಗೆ ನಗುವುದಿಲ್ಲ. ಒಬ್ಬೊಬ್ಬರಾಗಿ ಫೆರಿ ಕಟ್ಟೆಯ ಮೇಲಿರುವ ನನ್ನ ಕಾಫಿ ಅಂಗಡಿಗೆ ಬಂದು, ಬಾಗಿಲು ಹಾಕಿಕೊಂಡು, ಕೋಟು ಬಿಚ್ಚಿಟ್ಟು, ಆಮೇಲೆ ನಕ್ಕರು. ನಾನು ಗುನ್ವೋರ್, ಅವನ ಒಡಹುಟ್ಟಿದ ಅಕ್ಕ. ಎಲ್ಲರಿಗೂ ಕಾಫಿ ಬಗ್ಗಿಸಿಕೊಟ್ಟು ಅವರ ಜೊತೆ ನಾನೂ ನಕ್ಕೆ.

ಅವನು ಮಾಡಿದ್ದಿಷ್ಟು. ಮೀನು ಕಾರ್ಖಾನೆಯ ಪ್ಯಾಕಿಂಗ್ ಕೆಲಸ ಬಿಟ್ಟ. ಹಳೇ ಬ್ರೆಡ್ ವ್ಯಾನೊಂದನ್ನೂ ಜೋರಾಗಿ ನೀರು ಚಿಮ್ಮಿಸಿ ಗೋಡೆ ತೊಳೆಯುವ ಮೆಷಿನ್ನೊಂದನ್ನೂ ಕೊಂಡ. ವ್ಯಾನಿನ ಮೇಲೆ ‘ಇಂಗ್ವಾಲ್ ಮತ್ತು ಸಂಗಡಿಗರು, ಮನೆಯ ಹೊರಮೈ ಶುಚಿ’ ಎಂದು ಸ್ವಹಸ್ತದಿಂದ ಬರೆದ. ಸಂಗಡಿಗರು ಯಾರಪ್ಪಾ ಎಂದರೆ ಒಂದು ಏಣಿ, ಎರಡು ಬ್ರಷ್ಷು. ಆದರೂ ಫೋನೆತ್ತಿದರೆ ಸಾಕು, ನಾವು ಬಂದು ನೋಡ್ತೀವಿ, ನಾವು ಯೋಚನೆ ಮಾಡಿ ಹೇಳ್ತೀವಿ ಎಂದೇ ಮಾತು. ಸಣ್ಣವನಿದ್ದಾಗ ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಂಡು ಶಾಲೆಗೆ ಹೋಗಿ, ಸಂಜೆವರೆಗೂ ಕಾಲು ನೋಯುತ್ತಿದೆ ಎಂದು ಅತ್ತವನು ಇವನು. ಆ ಬೂಟು ಬದಲಿಸಿದ್ದು ನಾನೇ. ಅವನ ಬಾಯಲ್ಲಿ ‘ನಾವು’ ಕೇಳಿದಾಗಲೆಲ್ಲ ನನಗೆ ಆ ಬೂಟೇ ಕಣ್ಣ ಮುಂದೆ ಬರುತ್ತಿತ್ತು.

ಕೆಲಸಕ್ಕೇನೂ ಬರವಿರಲಿಲ್ಲ ಅನ್ನಿ. ನಮ್ಮ ಕರಾವಳಿಯಲ್ಲಿ ಮಳೆ ನಿಂತರೆ ಜನ ಹೊರಗೆ ಬಂದು ಏನಾಯಿತೆಂದು ಆಕಾಶ ನೋಡುತ್ತಾರೆ. ಮರದ ಮನೆಗಳು, ಬಿಳೀ ಬಣ್ಣ. ಒಂದು ವರ್ಷ ಬಿಟ್ಟರೆ ಗೋಡೆ ಹಸಿರು ಪಾಚಿ ಹಿಡಿಯುತ್ತದೆ, ಸೂರಿನಂಚಿನ ದಂಬೆಯಲ್ಲಿ ಎಲೆ ಕೊಳೆಯುತ್ತದೆ. ಬೇಸಿಗೆಯೆಲ್ಲ ಆರಾಮಾಗಿ ಕೂತಿದ್ದವರಿಗೆ ಅಕ್ಟೋಬರ್ ಬಂದ ಕೂಡಲೇ ಒಮ್ಮೆಲೇ ಎಚ್ಚರವಾಗುತ್ತದೆ. ದಂಬೆ ಖಾಲಿ ಮಾಡದಿದ್ದರೆ ಅದರಲ್ಲಿ ನಿಂತ ನೀರು ಹೆಪ್ಪುಗಟ್ಟಿ ದಂಬೆಯನ್ನೇ ಕಿತ್ತು ಕೆಳಗೆ ಹಾಕುತ್ತದೆ. ಮೊದಲ ಹಿಮ ಬಿತ್ತೋ, ಇಂಗ್ವಾಲನ ಪೈಪಿನೊಳಗೂ ನೀರು ಹೆಪ್ಪುಗಟ್ಟುತ್ತದೆ, ಅಲ್ಲಿಗೆ ಆ ವರ್ಷದ ವ್ಯಾಪಾರ ಮುಗಿಯಿತು.

ಕಷ್ಟವಿದ್ದದ್ದು ತೊಳೆಯುವ ರೀತಿಯಲ್ಲಿ. ಗೋಡೆಗೆ ಸೋಪು ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು, ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಇವನು ಪಾದ್ರಿಗಳ ಮನೆಗೆ ಮೇಲಿನಿಂದ ಸೋಪು ಸುರಿದ. ಅದು ಇಳಿದಲ್ಲೆಲ್ಲ ಗೆರೆ ಬಿತ್ತು, ಮನೆ ಪಟ್ಟೆಪಟ್ಟೆಯಾಯಿತು. ಪಾದ್ರಿಗಳು ಬಹಳ ಒಳ್ಳೆಯವರು. ಭಾನುವಾರದ ಪ್ರಾರ್ಥನೆಯಲ್ಲಿ ನಮ್ಮ ಮೇಲೆ ಕೆಲಸ ಕಲಿಯುವವರನ್ನು ದೇವರು ಕಾಪಾಡಲಿ ಎಂದರು. ಇಡೀ ಸಭೆ ಹಿಂತಿರುಗಿ ಇಂಗ್ವಾಲನನ್ನು ನೋಡಿತು. ಅವನೂ ಯಾರದು ಎಂದು ಹಿಂತಿರುಗಿ ನೋಡಿದ.

ಅವನ ಹೆಂಡತಿ ಬೋರ್ಗಿಲ್ ಕಡಿಮೆ ಮಾತಿನವಳು, ಆಡಿದರೆ ಆಡಿದ್ದೇ. ಮುಂದಿನ ವರ್ಷಕ್ಕೆಂದು ಒಂದಾದರೂ ಖಾಯಂ ಕೆಲಸ ಕೈಗೆ ಬರಬೇಕು. ಮೊದಲ ಹಿಮ ಬೀಳುವುದರೊಳಗೆ ಬರದಿದ್ದರೆ ಮೆಷಿನ್ ತನ್ನ ಅಣ್ಣನಿಗೆ, ಇಂಗ್ವಾಲ್ ಮೀನು ಕಾರ್ಖಾನೆಗೆ ಎಂದು ಹೇಳಿಬಿಟ್ಟಳು. ಅವಳ ಅಣ್ಣನಿಗೆ ದೋಣಿ ತೊಳೆಯಲು ಅಂಥದ್ದೊಂದು ಬೇಕೇ ಇತ್ತು. ಅವನು ಆಗಾಗ ಬಂದು ಮೆಷಿನ್ನಿನ ಬೆನ್ನು ಸವರಿ ಹೋಗುತ್ತಿದ್ದ.

ಊರಿನಲ್ಲಿ ಖಾಯಂ ಕೆಲಸ ಅಂತ ಇದ್ದದ್ದು ಒಂದೇ. ಕಟ್ಟೆಯುದ್ದಕ್ಕೂ ಸಾಲಾಗಿ ನಿಂತಿರುವ ದೋಣಿಮನೆಗಳನ್ನು, ಅಂದರೆ ದೋಣಿ ಎಳೆದಿಡುವ ಮರದ ಕೊಟ್ಟಿಗೆಗಳನ್ನು, ವರ್ಷವರ್ಷ ತೊಳೆಸಬೇಕೆಂದು ದೋಣಿಯವರ ಸಂಘ ಯೋಚಿಸುತ್ತಿತ್ತು. ಸಂಘದ ಅಧ್ಯಕ್ಷರು ಕ್ಯಾಪ್ಟನ್ ತೋರ್ಮೋಡ್, ಒಂದು ಕಾಲಕ್ಕೆ ನಮ್ಮ ಫೆರಿ ನಡೆಸಿದವರು, ನಿವೃತ್ತರಾದ ಮೇಲೂ ಊರನ್ನು ಫೆರಿಯಂತೆಯೇ ನಡೆಸುತ್ತಿದ್ದವರು. ಪಾದ್ರಿಗಳ ಮನೆಯ ಪಟ್ಟೆಯನ್ನು ಅವರೂ ನೋಡಿದ್ದರು. ಮೊದಲು ನನ್ನ ಮನೆ ತೊಳಿ, ಆಮೇಲೆ ನೋಡೋಣ ಎಂದರು. ನಾಳೆ ಜಿಂಕೆ ಬೇಟೆಗೆ ಬೆಟ್ಟ ಹತ್ತುತ್ತೇನೆ, ಬರುವುದರೊಳಗೆ ಮುಗಿದಿರಲಿ. ಬೆಟ್ಟದಂಚಿನ ಬಿಳೀ ಮನೆ, ಬರ್ಚ್ ಮರದ್ದು ಎಂದರು.

ಈ ಬರ್ಚ್ ಮರದ ವಿಷಯ ಹೇಳಬೇಕು. ಬೆಟ್ಟದಂಚಿನಲ್ಲಿ ಒಂದರ ಪಕ್ಕ ಒಂದು ಎರಡು ಬಿಳೀ ಮನೆಗಳಿವೆ. ಅಪ್ಪ ತನ್ನಿಬ್ಬರು ಮಕ್ಕಳಿಗೆ ಒಂದೇ ಥರ ಕಟ್ಟಿಸಿಕೊಟ್ಟದ್ದು. ಒಂದರಲ್ಲಿ ಕ್ಯಾಪ್ಟನ್, ಇನ್ನೊಂದರಲ್ಲಿ ಅವರ ತಂಗಿ ಓಸ್ಲೌಗ್. ಅವರು ನಮ್ಮೂರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಈಗಲೂ ಎಲ್ಲರಿಗೂ ಟೀಚರೇ. ಮರ ಇರುವುದು ಅಣ್ಣನ ಜಾಗದಲ್ಲಿ, ಗಾಳಿ ಬೀಸುವುದು ತಂಗಿಯ ಕಡೆಗೆ. ಮರದ ಎಲೆಯೆಲ್ಲ ಹೋಗಿ ಬೀಳುವುದು ಟೀಚರ ದಂಬೆಗೆ. ಮರ ಕಡಿಸು ಅಂದರು ತಂಗಿ. ನಿನ್ನ ಮನೇನೇ ಆಚೆ ಸರಿಸಿಕೋ ಅಂದರು ಅಣ್ಣ. ಅಷ್ಟೇ ನೋಡಿ, ಅಲ್ಲಿಂದ ಎಂಟು ವರ್ಷ ಇಬ್ಬರಿಗೂ ಮಾತಿಲ್ಲ. ಒಬ್ಬರು ನನ್ನ ಅಂಗಡಿಯೊಳಗಿದ್ದರೆ ಇನ್ನೊಬ್ಬರು ಮಳೆಯಲ್ಲೇ ಹೊರಗೆ ನಿಂತಿರುತ್ತಿದ್ದರು.

ಇಂಗ್ವಾಲ್ ಹೋದ. ಆ ವಾರ ಬೆಟ್ಟಕ್ಕೆ ಮಂಜು ಮುಸುಕಿಕೊಂಡಿತ್ತು. ಟೀಚರೂ ಮನೆಯಲ್ಲಿರಲಿಲ್ಲ, ಕಣ್ಣಿನ ಪೊರೆ ತೆಗೆಸಲು ಬರ್ಗನ್‌ಗೆ ಹೋಗಿದ್ದರು. ಮನೆ ಎರಡೂ ಒಂದೇ ಥರ, ಮರ ಎರಡರ ನಡುವೆ, ಕ್ಯಾಪ್ಟನದು ಎಡಗಡೆಯದೋ ಬಲಗಡೆಯದೋ ಆ ಮಂಜಿನಲ್ಲಿ ಅವನಿಗೆ ಹೊಳೆಯಲಿಲ್ಲ. ನನ್ನ ತಮ್ಮ ಎರಡು ಮನೆಗಳ ನಡುವೆ ನಿಂತು ಬುದ್ಧಿ ಉಪಯೋಗಿಸಿದ. ಅವನು ಬುದ್ಧಿ ಉಪಯೋಗಿಸಿದಾಗಲೇ ಅನಾಹುತ ಆಗುವುದು. ಬರ್ಚ್ ಮರದ ಮನೆ ಯಾವುದು? ಯಾವುದರ ದಂಬೆಯಲ್ಲಿ ಬರ್ಚ್ ಎಲೆ ತುಂಬಿದೆಯೋ ಅದು. ಏಣಿ ಹಾಕಿ ಎರಡನ್ನೂ ನೋಡಿದ. ಒಂದರಲ್ಲಿ ಎಲೆಯೇ ಇಲ್ಲ, ಇನ್ನೊಂದರಲ್ಲಿ ಕಂಠಪೂರ್ತಿ. ಸರಿ ಎಂದು ಟೀಚರ ಮನೆಯನ್ನು ಸೋಪು ಕೆಳಗಿನಿಂದ, ನೀರು ಮೇಲಿನಿಂದ, ಒಂದು ಪಟ್ಟೆಯೂ ಬೀಳದ ಹಾಗೆ ತೊಳೆದ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಅವನು ಬೇರೆ ಏನನ್ನೂ ಮಾಡಿದವನಲ್ಲ. ದಂಬೆಯ ಎಲೆಯನ್ನೆಲ್ಲ ಚೀಲಕ್ಕೆ ತುಂಬಿದ. ಮರದ್ದು ಮರಕ್ಕೇ ಸೇರಲಿ ಎಂದು ಹೊತ್ತುಕೊಂಡು ಹೋಗಿ ಬರ್ಚಿನ ಬುಡದಲ್ಲಿ ಒಪ್ಪವಾಗಿ ಸುರಿದು ಬಂದ.

ಟೀಚರ್ ಬರ್ಗನ್‌ನಿಂದ ಬಂದ ಮಾರನೇ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಅವರ ಕಣ್ಣಿನ ಡಾಕ್ಟರದ್ದೇ ಗುಣಗಾನ. ಎಂಥ ಕೈ ಗುನ್ವೋರ್, ಹೋಗುವಾಗ ಹಸಿರಾಗಿ ಕಾಣುತ್ತಿದ್ದ ಮನೆ ಈಗ ಹಾಲಿನ ಹಾಗೆ ಬೆಳ್ಳಗೆ ಕಾಣುತ್ತಿದೆ ಎಂದರು. ಇಷ್ಟು ವರ್ಷ ಪಾಚಿ ಇದ್ದದ್ದು ಗೋಡೆಯ ಮೇಲಲ್ಲ, ತನ್ನ ಕಣ್ಣಿನಲ್ಲಿ ಎಂದು ಬೇಜಾರೂ ಮಾಡಿಕೊಂಡರು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಆಗಲೇ ಆ ಡಾಕ್ಟರ ವಿಳಾಸ ಕೇಳಿಕೊಂಡರು, ಬಣ್ಣ ಹೊಡೆಸುವುದಕ್ಕಿಂತ ಕಣ್ಣು ಮಾಡಿಸುವುದೇ ಸಲೀಸು ಅಂತ.

ಮಧ್ಯಾಹ್ನ ಮಂಜು ಕರಗಿತು. ಟೀಚರ್ ಅದೇ ಹೊಸ ಕಣ್ಣಿನಿಂದ ಅಣ್ಣನ ಮನೆಯನ್ನು ನೋಡಿದರು. ಅದು ಕಡುಹಸಿರು. ಡಾಕ್ಟರು ಎಷ್ಟೇ ನಿಪುಣರಾದರೂ ತಂಗಿಯ ಮನೆ ಮಾತ್ರ ಬೆಳಗಿಸಿ ಅಣ್ಣನದನ್ನು ಹಾಗೇ ಬಿಡುವುದು ಹೇಗೆ? ಟೀಚರ್ ದಾರಿಹೋಕರೊಬ್ಬರನ್ನು ಏಣಿ ಹತ್ತಿಸಿ ತಮ್ಮ ದಂಬೆ ನೋಡಿಸಿದರು. ಖಾಲಿ. ಎಲೆ ಎಲ್ಲಿ ಹೋಯಿತು ಎಂದು ಹುಡುಕಿದರೆ ಬರ್ಚಿನ ಬುಡದಲ್ಲಿದೆ. ಎಂಟು ವರ್ಷದ ಮೇಲೆ ಅಣ್ಣ ತನ್ನ ಎಲೆಯನ್ನು ತಾನು ವಾಪಸ್ ತೆಗೆದುಕೊಂಡಿದ್ದಾನೆ. ಅದೂ ತನ್ನ ಮನೆ ಹಸಿರಾಗಿಟ್ಟುಕೊಂಡು ನನ್ನದನ್ನು ತೊಳೆಸಿದ್ದಾನೆ. ಹಾಗೆಂದುಕೊಂಡು ಟೀಚರ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರಂತೆ. ಹೊಸ ಕಣ್ಣಿಗೆ ಒಳ್ಳೆಯದಲ್ಲ ಎಂದು ಆಮೇಲೆ ಒರೆಸಿಕೊಂಡರಂತೆ.

ಸಂಜೆ ಅವರು ನನ್ನ ಅಂಗಡಿಗೆ ಬಂದು ಕೂತರು. ಬೇಟೆಯಿಂದ ನೇರವಾಗಿ ಬಂದ ಕ್ಯಾಪ್ಟನ್ ಬಾಗಿಲು ತೆಗೆದು, ತಂಗಿಯನ್ನು ಕಂಡು, ಎಂದಿನಂತೆ ಹೊರಗೆ ಹೋಗಲು ತಿರುಗಿದರು. ಟೀಚರ್ ಎದ್ದು ನಿಂತರು.

“ಅಣ್ಣ, ಕಳೆದ ಸಲದ್ದಕ್ಕೆ ಥ್ಯಾಂಕ್ಸ್.”

ನಮ್ಮಲ್ಲಿ ಯಾರಾದರೂ ಬಹಳ ದಿನದ ಮೇಲೆ ಸಿಕ್ಕರೆ ಮೊದಲ ಮಾತು ಇದೇ. ಕಳೆದ ಸಲ ಸಿಕ್ಕದ್ದಕ್ಕೆ, ಕೊಟ್ಟ ಕಾಫಿಗೆ, ಮಾಡಿದ ಉಪಕಾರಕ್ಕೆ, ಒಟ್ಟಿನಲ್ಲಿ ಥ್ಯಾಂಕ್ಸ್. ಯಾತಕ್ಕೆ ಎಂದು ಬಾಯಿಬಿಟ್ಟು ಕೇಳುವುದು ನಾಚಿಕೆಗೇಡು. ಕೇಳಿದರೆ ಮರೆತೆ ಅಂದಂತಾಯಿತಲ್ಲ. ಆದ್ದರಿಂದ ಯಾರು ಹೇಳಿದರೂ ನಾಲಿಗೆ ತನ್ನಷ್ಟಕ್ಕೆ ತಾನೇ ಉತ್ತರ ಕೊಟ್ಟುಬಿಡುತ್ತದೆ. ಕ್ಯಾಪ್ಟನ್ ನಾಲಿಗೆಯೂ ಕೊಟ್ಟಿತು.

“ನಿನಗೂ ಥ್ಯಾಂಕ್ಸ್ ಕಣೇ.”

ಹೇಳಿದ ಮೇಲೆ ಅವರ ಮುಖ ನೋಡಬೇಕಿತ್ತು. ಕಳೆದ ಸಲ ಅಂದರೆ ಅವರ ಲೆಕ್ಕದಲ್ಲಿ ಎಂಟು ವರ್ಷದ ಹಿಂದಿನ ಆ ಜಗಳ. ಅದಕ್ಕೆ ತಂಗಿ ಥ್ಯಾಂಕ್ಸ್ ಹೇಳುತ್ತಾಳೆಂದರೆ ಏನರ್ಥ? ಬಗ್ಗಿದಳು. ಹಠಮಾರಿ ಓಸ್ಲೌಗ್ ತಾನೇ ಮೊದಲು ಬಗ್ಗಿದಳು. ಕ್ಯಾಪ್ಟನ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಬಿಸಿಬಿಸಿ ಸಿಹಿದೋಸೆಯಂಥ ವಾಫೆಲ್ ತಿಂದರು, ಹವಾಮಾನದ ಬಗ್ಗೆ ಎರಡು ಮಾತಾಡಿದರು, ಒಟ್ಟಿಗೇ ಬೆಟ್ಟ ಹತ್ತಿ ಹೋದರು. ಅಂಗಡಿಯಲ್ಲಿದ್ದವರು ಯಾರೂ ಅಲ್ಲಾಡಲಿಲ್ಲ. ನಾನೂ ಕಪ್ಪು ತುಂಬಿ ಹೊರಚೆಲ್ಲಿದರೂ ಕಾಫಿ ಬಗ್ಗಿಸುತ್ತಲೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಇಂಗ್ವಾಲ್ ಬಂದ. ಕ್ಯಾಪ್ಟನ್ ಬಂದ್ರಾ ಅಕ್ಕ, ಮನೆ ನೋಡಿ ಏನಂದ್ರು ಎಂದು ಕೇಳಿದ. ನಾನು ಅವನ ಕಿವಿ ಹಿಡಿದು ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ ಬೆಟ್ಟದಂಚು ತೋರಿಸಿದೆ. ಬಿಳೀ ಮನೆ ಯಾರದು, ಹಸಿರು ಮನೆ ಯಾರದು ಎಂದು ಕೇಳಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿಯಿಲ್ಲದ ಕಡೆ ಕೂತುಕೊಳ್ಳಲು ಹೋದ.

ಈಗಲೇ ಹೋಗಿ ಹೇಳಿಬಿಡುತ್ತೇನೆ ಎಂದು ಹೊರಟವನನ್ನು ನಾನೇ ತಡೆದೆ.

“ಸುಮ್ನೆ ಕೂತ್ಕೋ. ಎಂಟು ವರ್ಷದ ಮೇಲೆ ಆ ಮುದುಕರು ಒಂದೇ ಮೇಜಲ್ಲಿ ಕೂತು ತಿಂದಿದ್ದಾರೆ. ಅದು ನಿಂತಿರೋದು ನಿನ್ನ ತಪ್ಪಿನ ಮೇಲೆ. ಅಲ್ಲಾಡಿಸಬೇಡ.”

“ಕ್ಯಾಪ್ಟನ್ ಮನೆ ತೊಳೀಬೇಕಲ್ಲ ಅಕ್ಕ?”

“ತೊಳೆಯೋಕೆ ಹೋದ್ರೆ ಟೀಚರ್ ಕಾಫಿ ಹಿಡ್ಕೊಂಡು ಬರ್ತಾರೆ. ನಮ್ಮನೆ ಯಾವಾಗ ತೊಳೆದೆ ಅಂತ ಕೇಳ್ತಾರೆ. ಅಣ್ಣ ಪಕ್ಕದಲ್ಲೇ ನಿಂತಿರ್ತಾರೆ. ಆಗ ನಿನ್ನ ಬಾಯಿ ಏನು ಮಾಡುತ್ತೆ ಅಂತ ನಂಗೊತ್ತಿಲ್ವಾ?”

ಅವನಿಗೂ ಗೊತ್ತಿತ್ತು. ಸುಳ್ಳು ಹೇಳುವಾಗ ಅವನ ಕಿವಿ ಎರಡೂ ಕೆಂಪಾಗಿ ಊರಿಗೆಲ್ಲ ಡಂಗುರ ಹೊಡೆಯುತ್ತವೆ. ಹೀಗಾಗಿ ಇಂಗ್ವಾಲ್ ಮತ್ತು ಸಂಗಡಿಗರು ಬೆಟ್ಟದಂಚಿನ ದಾರಿಯನ್ನೇ ಬಿಟ್ಟರು. ಕ್ಯಾಪ್ಟನ್ ಕಟ್ಟೆಯ ಮೇಲೆ ಕಂಡರೆ ಅವನು ಮೀನಿನ ಪೆಟ್ಟಿಗೆಗಳ ಹಿಂದೆ ಬಗ್ಗುತ್ತಿದ್ದ. ಇವನಿಗಿನ್ನೂ ಬರಲು ಪುರುಸೊತ್ತಾಗಿಲ್ಲ, ಓಸ್ಲೌಗ್ ಬೇರೆ ಯಾರಿಂದಲೋ ತನ್ನ ಮನೆ ತೊಳೆಸಿಕೊಂಡಳು ಎಂದೇ ಕ್ಯಾಪ್ಟನ್ ತಿಳಿದಿದ್ದರು. ಕಿಟಕಿಯಾಚೆಯ ಥರ್ಮಾಮೀಟರು ದಿನದಿನ ಇಳಿಯುತ್ತಿತ್ತು. ಬೋರ್ಗಿಲ್ ಅದನ್ನು ನೋಡುತ್ತಿದ್ದಳು, ಗಂಡನನ್ನೂ ನೋಡುತ್ತಿದ್ದಳು. ಅವಳ ಅಣ್ಣ ಮೆಷಿನ್ನಿಗೆಂದು ಹೊಸ ಹಗ್ಗ ತಂದಿಟ್ಟುಕೊಂಡ.

ಬೆಟ್ಟದ ಮೇಲೆ ಇನ್ನೊಂದೇ ಕಥೆ ನಡೆಯುತ್ತಿತ್ತು. ಮನೆ ತೊಳೆಸಿದ್ದಕ್ಕೆಂದು ತಂಗಿ ಒಂದು ಬಾಟಲಿ ಬೆರಿ ಜಾಮನ್ನು ಅಣ್ಣನ ಮೆಟ್ಟಿಲ ಮೇಲಿಟ್ಟು ಬಂದರು. ಕ್ಷಮೆ ಕೇಳಿದವಳು ಜಾಮ್ ಬೇರೆ ಕೊಟ್ಟಳಲ್ಲ ಎಂದು ಅಣ್ಣ ಜಿಂಕೆಯ ಒಂದು ತೊಡೆಯನ್ನೇ ಒಯ್ದು ಕೊಟ್ಟರು. ಮನೆ ತೊಳೆಸಿದವನು ಮಾಂಸವನ್ನೂ ತಂದನಲ್ಲ ಎಂದು ತಂಗಿ ಉಣ್ಣೆಯ ಟೋಪಿ ಹೆಣೆದರು. ಅಣ್ಣ ಅವರ ಗೇಟು ರಿಪೇರಿ ಮಾಡಿದರು. ತಂಗಿ ಅವರ ಪರದೆಗಳನ್ನೆಲ್ಲ ಒಗೆದರು. ಪ್ರತಿಸಲ ಕೊಡುವಾಗಲೂ ಥ್ಯಾಂಕ್ಸ್, ಪಡೆಯುವಾಗಲೂ ಥ್ಯಾಂಕ್ಸ್, ಯಾತಕ್ಕೆ ಎಂಬ ಮಾತಿಲ್ಲ. ನಗರಸಭೆಯ ಹಾಲ್‌ಸ್ಟೈನ್ ಚಿಮಣಿ ತಪಾಸಣೆಗೆ ಹೋದವನು ಕ್ಯಾಪ್ಟನ್ ಬಾಗಿಲು ತಟ್ಟಿದರೆ ಟೀಚರ್ ತೆಗೆದರಂತೆ, ಟೀಚರ ಬಾಗಿಲು ತಟ್ಟಿದರೆ ಕ್ಯಾಪ್ಟನ್ ತೆಗೆದರಂತೆ. ದಾಖಲೆಯಲ್ಲಿ ಯಾವ ಚಿಮಣಿ ಯಾರದೆಂದು ಬರೆಯಲಿ ಎಂದು ಅವನು ನನ್ನ ಅಂಗಡಿಯಲ್ಲಿ ತಲೆ ಚಚ್ಚಿಕೊಂಡ.

ಟೀಚರ್ ನನ್ನ ಹತ್ತಿರ ಹೊಸದೊಂದು ಮಾತು ಶುರುಮಾಡಿದ್ದರು. ಆ ಬರ್ಚ್ ಮರದಂಥ ಮರ ಬೆಟ್ಟಗಳ ನಡುವಿನ ಈ ಕಡಲ ಸೀಳಿನಲ್ಲಿ, ಈ ಫ್ಯೋರ್ಡಿನಲ್ಲೇ ಇಲ್ಲವಂತೆ. ಚಿಕ್ಕವರಿದ್ದಾಗ ಅಮ್ಮ ಅದಕ್ಕೇ ಜೋಕಾಲಿ ಕಟ್ಟಿದ್ದಳಂತೆ. ಅಣ್ಣ ನಿಂತು ತೂಗುತ್ತಿದ್ದನಂತೆ. ಇನ್ನು ಎಷ್ಟು ಎಲೆ ಬಿದ್ದರೂ ನಾನು ಚಕಾರ ಎತ್ತುವುದಿಲ್ಲ ಗುನ್ವೋರ್ ಎಂದರು.

ಅದರ ಮಾರನೇ ದಿನ ಕ್ಯಾಪ್ಟನ್ ಬಂದು ಕೂತರು. ಕೈಯಲ್ಲಿ ಮರ ಕೊಯ್ಯುವ ಗರಗಸದ ಸರಪಳಿ. ನನ್ನ ಮೇಜಿನ ಮೇಲೇ ಅದನ್ನು ಹರಡಿಕೊಂಡು ಅರದಿಂದ ಹರಿತ ಮಾಡತೊಡಗಿದರು. ಯಾತಕ್ಕೆ ಎಂದು ಕೇಳಿದ್ದಕ್ಕೆ ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದರು.

“ಓಸ್ಲೌಗ್ ನಂಗಿಂತ ಚಿಕ್ಕೋಳು. ಅವಳೇ ಮೊದಲು ತಲೆ ಬಗ್ಗಿಸಿದಳು. ನಂಗೆ ನಾಚಿಕೆ ಆಗ್ತಿದೆ ಕಣಮ್ಮ. ಶನಿವಾರ ಅವಳು ಹಾಡಿನ ಅಭ್ಯಾಸಕ್ಕೆ ಹೋಗ್ತಾಳಲ್ಲ, ಬರೋದ್ರೊಳಗೆ ಮರ ಕೆಡವಿರ್ತೀನಿ. ಯಾರಿಗೂ ಹೇಳ್ಬೇಡ.”

ನಾನು ಮೊದಲು ಟೀಚರನ್ನ ಒಂದು ಮಾತು ಕೇಳಿ ನೋಡಿ ಕ್ಯಾಪ್ಟನ್ ಎಂದೆ. ಕೇಳಿದರೆ ಬೇಡ ಅನ್ನುತ್ತಾಳೆ, ಅಷ್ಟು ಒಳ್ಳೆಯವಳಾಗಿಬಿಟ್ಟಿದ್ದಾಳೆ ಎಂದು ಅವರು ಕಣ್ಣೊರೆಸಿಕೊಂಡರು. ಮರದ ಬೇರಿನ ತನಕ ತಪ್ಪು ತಿಳಿದ ಮನುಷ್ಯನಿಗೆ ಏನು ಹೇಳಿ ಬಿಡಿಸುವುದು? ಬಾಯಿ ಮುಚ್ಚಿಕೋ ಎಂದು ತಮ್ಮನಿಗೆ ಬುದ್ಧಿ ಹೇಳಿದವಳು ನಾನು. ಈಗ ಬಾಯಿ ತೆಗೆದರೆ ಕ್ಯಾಪ್ಟನ್ ಅವನನ್ನು ದೋಣಿಮನೆಗಳ ಹತ್ತಿರಕ್ಕೂ ಸೇರಿಸುವುದಿಲ್ಲ, ಮೆಷಿನ್ ಹೋಗುತ್ತದೆ, ಅವನು ಸಾಯುವ ತನಕ ಮೀನು ಪ್ಯಾಕ್ ಮಾಡುತ್ತಾನೆ. ತೆಗೆಯದಿದ್ದರೆ ಜೋಕಾಲಿಯ ಮರ ಹೋಗುತ್ತದೆ, ಅದು ಬಿದ್ದದ್ದು ಕಂಡ ಕ್ಷಣ ಟೀಚರ್ ಇನ್ನೆಂಟು ವರ್ಷ ಮಾತು ಬಿಡುತ್ತಾರೆ. ಅವರಿಗೆ ಇನ್ನೆಂಟು ವರ್ಷ ಇದೆಯೋ ಇಲ್ಲವೋ.

ಇಂಗ್ವಾಲನಿಗೆ ಎಲ್ಲ ಹೇಳಿದೆ. ನಿನಗೆ ಬಿಟ್ಟದ್ದು ಅಂದೆ. ಅವನು ತುಂಬ ಹೊತ್ತು ಮೂಗು ಉಜ್ಜಿಕೊಂಡ. ಶನಿವಾರ ಬೆಳಿಗ್ಗೆ ವ್ಯಾನು ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. ಆ ದಿನವೇ ಮೊದಲ ಹಿಮ. ರಸ್ತೆ, ಹುಲ್ಲು, ದೋಣಿಗಳ ಹಗ್ಗ, ಎಲ್ಲ ಬೆಳ್ಳಗೆ. ವ್ಯಾನಿನ ಹಿಂದೆ ಪೈಪು ಸುರುಳಿ ಸುತ್ತಿದಂತೆಯೇ ಸೆಟೆದು ನಿಂತಿತ್ತು. ಬೋರ್ಗಿಲ್ ಬೆಳಿಗ್ಗೆ ಕಾಫಿ ಕೊಡುವಾಗ ಅಣ್ಣ ಸಂಜೆ ಬರುತ್ತಾನೆ ಎಂದಷ್ಟೇ ಹೇಳಿದಳಂತೆ.

ನಾವು ಹೋದಾಗ ಕ್ಯಾಪ್ಟನ್ ಗರಗಸ ಚಾಲೂ ಮಾಡಿದ್ದರು. ಮರ ರಸ್ತೆಗೆ ಬೀಳದಂತೆ ನೋಡಿಕೊಳ್ಳಲು ಹಾಲ್‌ಸ್ಟೈನ್ ನಗರಸಭೆಯ ಹಳದಿ ಕೋಟು ಹಾಕಿಕೊಂಡು ನಿಂತಿದ್ದ. ಇಂಗ್ವಾಲ್ ಕ್ಯಾಪ್ಟನ್ ಮುಂದೆ ಹೋಗಿ ಬಾಯಿ ತೆಗೆದ. ಬಾಯಿಯಿಂದ ಹೊಗೆ ಬಂತು, ಮಾತು ಬರಲಿಲ್ಲ. ಮತ್ತೆ ತೆಗೆದ. ಮತ್ತೆ ಹೊಗೆ. ಕ್ಯಾಪ್ಟನ್ ಆಚೆ ಸರಿ ಎಂದು ಕೈ ಬೀಸಿದರು. ಅವನು ಸರಿದ. ಸರಿದವನು ವ್ಯಾನಿನಿಂದ ಏಣಿ ತಂದು ಬರ್ಚಿಗೆ ಒರಗಿಸಿ, ಸರಸರನೆ ಹತ್ತಿ, ಮೇಲಿನ ಕೊಂಬೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತುಬಿಟ್ಟ.

ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಅಷ್ಟೆತ್ತರ ಹತ್ತುವುದು ನಿಯಮಕ್ಕೆ ವಿರುದ್ಧ ಎಂದು ಹಾಲ್‌ಸ್ಟೈನ್ ಕೂಗಿದ. ಮರ ಕಡಿಯಲು ನಗರಸಭೆಯ ಆಕ್ಷೇಪಣೆ ಇಲ್ಲ, ಆದರೆ ಕಡಿಯುವ ಮರದಲ್ಲಿ ಜನ ಇರಕೂಡದು ಎಂದೂ ಸೇರಿಸಿದ. ಅಷ್ಟು ಹೊತ್ತಿಗೆ ಟೀಚರ್ ಬಂದೇಬಿಟ್ಟರು, ಹಿಂದೆ ಪಾದ್ರಿಗಳ ಸಮೇತ ಹಾಡಿನ ತಂಡದವರೆಲ್ಲ. ಕ್ಯಾಪ್ಟನ್ ಗುಟ್ಟನ್ನು ನನಗೊಬ್ಬಳಿಗೇ ಹೇಳಿದ್ದೆಂದು ನಾನು ತಿಳಿದಿದ್ದೆ. ಊರಿನ ಎಲ್ಲರಿಗೂ ಹಾಗೇ ದನಿ ತಗ್ಗಿಸಿ ಹೇಳಿದ್ದರೆಂದು ಆಗ ತಿಳಿಯಿತು.

ಟೀಚರನ್ನು ಕಂಡದ್ದೇ ತಡ, ಮೇಲಿದ್ದವನ ಬಾಯಿ ಕಟ್ಟೊಡೆಯಿತು.

“ಕ್ಯಾಪ್ಟನ್, ನಾನು ಟೀಚರ್ ಮನೆ ತೊಳೆದೆ. ನಿಮ್ದು ಅಂದ್ಕೊಂಡು ತೊಳೆದೆ. ಟೀಚರ್ ನಿಮಗೆ ಥ್ಯಾಂಕ್ಸ್ ಹೇಳಿದ್ದು ಅದಕ್ಕೆ, ಆ ಜಗಳಕ್ಕಲ್ಲ. ಅವರೇನೂ ಬಗ್ಗಲಿಲ್ಲ. ಟೀಚರ್, ಇವರೇನೂ ತೊಳೆಸಲಿಲ್ಲ. ಎಲ್ಲಾ ನಂದೇ ತಪ್ಪು. ಮರ ಕಡೀಬೇಡಿ.”

‘ನಾವು’ ಎನ್ನಲಿಲ್ಲ ಅವನು. ಒಂದು ಸಲವೂ ಎನ್ನಲಿಲ್ಲ. ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು.

ಗರಗಸ ಕ್ಯಾಪ್ಟನ್ ಕೈಯಲ್ಲಿ ಗುರುಗುರು ಅನ್ನುತ್ತಲೇ ಇತ್ತು. ಹಾಡಿನ ತಂಡದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಟೀಚರ್ ಅಣ್ಣನ ಕಡೆ ತಿರುಗಿದರು.

“ಅಂದ್ರೆ ನೀನು ಎಲೆ ತೆಗೆಸ್ಲಿಲ್ಲ.”

“ಇಲ್ಲ.”

“ಅಂದ್ರೆ ನಿಂಗೇನೂ ತಪ್ಪಾಯ್ತು ಅನ್ನಿಸ್ಲಿಲ್ಲ.”

“ನಿಂಗೂ ಅನ್ನಿಸಿರ್ಲಿಲ್ಲವಲ್ಲ,” ಎಂದರು ಕ್ಯಾಪ್ಟನ್. ಗರಗಸ ತುಸು ಮೇಲೆತ್ತಿ, “ಮರ ಕಡೀಲೋ ಬೇಡ್ವೋ?” ಎಂದರು.

“ಅಮ್ಮ ಜೋಕಾಲಿ ಕಟ್ಟಿದ ಮರ. ಕಡಿದು ನೋಡು.”

“ಕಡಿ ಕಡಿ ಅಂತ ಎಂಟು ವರ್ಷದಿಂದ ಕೂತೋಳು ನೀನೇ ಅಲ್ವೇನೇ?”

ಮುಗಿಯಿತು ಎಂದುಕೊಂಡೆ. ಟೀಚರ ಮೂಗಿನ ಹೊಳ್ಳೆ ಅರಳುತ್ತಿತ್ತು, ಕ್ಯಾಪ್ಟನ್ ಗಡ್ಡ ಮುಂದಕ್ಕೆ ಬರುತ್ತಿತ್ತು. ಇನ್ನೊಂದು ಮಾತು ಬಿದ್ದಿದ್ದರೆ ಆ ಗೇಟು ಮತ್ತೆ ಮುಚ್ಚುತ್ತಿತ್ತು. ಅದೇ ಹೊತ್ತಿಗೆ ಮೇಲಿನಿಂದ ಒಂದಿಷ್ಟು ಹಿಮ, ಒಂದಿಷ್ಟು ತೊಗಟೆ ಟೀಚರ ಟೋಪಿಯ ಮೇಲೆ ಬಿತ್ತು. ಇಂಗ್ವಾಲ್ ಕಾಲು ಬದಲಿಸಲು ಹೋಗಿ ಸಣ್ಣ ಕೊಂಬೆಯೊಂದನ್ನು ಮುರಿದಿದ್ದ.

ಇಬ್ಬರೂ ಒಟ್ಟಿಗೆ ತಲೆಯೆತ್ತಿದರು.

ಆಮೇಲೆ ನಡೆದ ಬೈಗುಳವನ್ನು ನಮ್ಮೂರಿನವರು ಈಗಲೂ ನೆನೆಸಿಕೊಳ್ಳುತ್ತಾರೆ. ಅಮ್ಮನ ಮರದ ಕೊಂಬೆ ಮುರಿದೆಯಲ್ಲೋ ಎಂದು ತಂಗಿ ಶುರುಮಾಡಿದರು. ಬೂಟಿನ ಮೊಳೆ ನೋಡು ತೊಗಟೆಯಲ್ಲಿ ಎಂದು ಅಣ್ಣ ಎತ್ತಿಕೊಂಡರು. ಎರಡನೇ ಕ್ಲಾಸಿನಲ್ಲೂ ಹೀಗೇ ಇದ್ದ, ಎಡ ಯಾವುದು ಬಲ ಯಾವುದು ಗೊತ್ತಾಗುತ್ತಿರಲಿಲ್ಲ ಎಂದರು ಟೀಚರ್. ಇಂಥವನನ್ನು ಫೆರಿಗೆ ಹಾಕಿಕೊಂಡಿದ್ದರೆ ಫ್ಯೋರ್ಡನ್ನೇ ಬೇರೆ ಕಡೆ ಕಟ್ಟಿಬರುತ್ತಿದ್ದ ಎಂದರು ಕ್ಯಾಪ್ಟನ್. ಒಬ್ಬರಿಗೆ ಉಸಿರು ಸಾಲದಿದ್ದರೆ ಇನ್ನೊಬ್ಬರು ಅದೇ ವಾಕ್ಯವನ್ನು ಮುಂದುವರಿಸಿದರು. ಟೀಚರದು ಶಾಲೆಯ ಬೈಗುಳ, ಕ್ಯಾಪ್ಟನದು ಹಡಗಿನದು. ಎರಡೂ ಸೇರಿ ಬಹಳ ಚೆನ್ನಾಗಿ ಹೊಂದಿಕೊಂಡವು. ಹಾಡಿನ ತಂಡದವರು ಸಂಗೀತ ಕಚೇರಿ ಕೇಳುವಂತೆ ಕೈಕಟ್ಟಿ ನಿಂತರು. ಮೇಲೆ ನನ್ನ ತಮ್ಮ ಕೊಂಬೆ ತಬ್ಬಿಕೊಂಡು, ಕಿವಿ ಕೆಂಪು ಮಾಡಿಕೊಂಡು, ಒಂದೊಂದು ಬೈಗುಳಕ್ಕೂ ಥ್ಯಾಂಕ್ಸ್ ಕ್ಯಾಪ್ಟನ್, ಥ್ಯಾಂಕ್ಸ್ ಟೀಚರ್ ಎನ್ನುತ್ತಿದ್ದ. ನಾಟಕವಲ್ಲ ಅದು, ಮನಸಾರೆ ಹೇಳುತ್ತಿದ್ದ. ಆ ಇಬ್ಬರು ಒಂದೇ ಕಡೆ ನಿಂತು ಒಂದೇ ಮಾತಾಡುವುದನ್ನು ಅವನು ಮೇಲಿನಿಂದ ನೋಡುತ್ತಿದ್ದನಲ್ಲ.

ಬೈದು ಸುಸ್ತಾದಾಗ ಕ್ಯಾಪ್ಟನ್ ಗರಗಸ ಆರಿಸಿದರು. ಆ ಮೌನದಲ್ಲಿ ಟೀಚರ್ ಅಣ್ಣನ ಹಸಿರು ಮನೆಯನ್ನು ತಮ್ಮ ಹೊಸ ಕಣ್ಣಿನಿಂದ ಮೇಲಿನಿಂದ ಕೆಳಗೆ ನೋಡಿದರು.

“ಇದರ ಪಕ್ಕ ನನ್ನ ಮನೆ ನಿಲ್ಲೋಕೆ ನಾಚಿಕೆ ಆಗುತ್ತೆ. ಇಳಿಯೋ ಕೆಳಗೆ. ಇವತ್ತೇ ತೊಳಿ.”

ಪೈಪು ಹೆಪ್ಪುಗಟ್ಟಿದೆ ಎಂದ ಇಂಗ್ವಾಲ್. ಒಲೆ ಎಲ್ಲಿಗೆ ಹೋಗಿದೆ ಎಂದರು ಟೀಚರ್. ಎರಡೂ ಮನೆಯ ಒಲೆಗಳ ಮೇಲೆ ಹಂಡೆ ಹಂಡೆ ನೀರಿಟ್ಟರು. ಹಾಡಿನ ತಂಡದವರು ಸಾಲಾಗಿ ನಿಂತು ಬಕೆಟ್ ದಾಟಿಸಿದರು. ಬ್ರಷ್ಷು ಎರಡೇ ಇದ್ದದ್ದರಿಂದ ಉಳಿದವರು ಕ್ಯಾಪ್ಟನ್ ಮನೆಯ ಪೊರಕೆ, ಹಳೇ ಕಾಲುಚೀಲ, ಸಿಕ್ಕಿದ್ದೆಲ್ಲ ಹಿಡಿದರು. ನಾನು ಅಂಗಡಿಯಿಂದ ವಾಫೆಲ್ ಹೊತ್ತು ತಂದೆ. ಇಂಗ್ವಾಲ್ ಎಲ್ಲರ ನಡುವೆ ಓಡಾಡುತ್ತ, ಕೆಳಗಿನಿಂದ ಮೇಲಕ್ಕೆ, ಕೆಳಗಿನಿಂದ ಮೇಲಕ್ಕೆ ಎಂದು ಪಾದ್ರಿಗಳಿಗೇ ಪಾಠ ಹೇಳುತ್ತಿದ್ದ. ಮೂರು ಗ್ಲಾಸು ಕಾಫಿ ಕುಡಿದ ಹಾಲ್‌ಸ್ಟೈನನೂ ಹಳದಿ ಕೋಟು ಬಿಚ್ಚಿ ಒಂದು ಬಕೆಟ್ ಹಿಡಿದ.

ಹೊತ್ತಿಳಿಯುವಷ್ಟರಲ್ಲಿ ಮೂರು ಗೋಡೆ ಬೆಳ್ಳಗಾದವು. ನಾಲ್ಕನೆಯದು ಉತ್ತರದ್ದು, ನೆರಳಿನದು. ಅದಕ್ಕೆ ಎರಚಿದ ಬಿಸಿನೀರು ಇಳಿಯುತ್ತಿದ್ದಂತೆಯೇ ಗಾಜಾಗುತ್ತಿತ್ತು. ಏಣಿಯ ಮೆಟ್ಟಿಲ ಮೇಲೂ ಗಾಜು. ಇಲ್ಲಿಗೆ ಸಾಕು, ಯಾರಾದರೂ ಸೊಂಟ ಮುರಿದುಕೊಂಡರೆ ವರದಿ ಬರೆಯುವವನು ನಾನು ಎಂದು ಹಾಲ್‌ಸ್ಟೈನ್ ಬಕೆಟ್ ಕೆಳಗಿಟ್ಟ.

ಆಗ ಬೋರ್ಗಿಲ್ ಬಂದಳು. ಜೊತೆಗೆ ಅವಳ ಅಣ್ಣ, ಹೆಗಲ ಮೇಲೆ ಆ ಹೊಸ ಹಗ್ಗ. ಎಲ್ಲರೂ ಆ ಹಗ್ಗವನ್ನೇ ನೋಡಿದರು. ಹಿಮ ಬಿದ್ದಾಗಿತ್ತು, ಖಾಯಂ ಕೆಲಸ ಸಿಕ್ಕಿರಲಿಲ್ಲ. ಅವಳು ಆಡಿದ ಮಾತು ಊರಿಗೇ ಗೊತ್ತಿತ್ತು. ಇಂಗ್ವಾಲ್ ತಲೆ ತಗ್ಗಿಸಿಕೊಂಡು ಹೋಗಿ ವ್ಯಾನಿನ ಹಿಂಬಾಗಿಲು ತೆಗೆದ.

ಕ್ಯಾಪ್ಟನ್ ಕೆಮ್ಮಿದರು. ಉತ್ತರದ ಗೋಡೆ ಬಾಕಿ ಇದೆ, ವಸಂತದಲ್ಲಿ ಯಾರು ಬಂದು ತೊಳೆಯುತ್ತಾರೆ ಎಂದು ಆಕಾಶವನ್ನು ಕೇಳಿದರು. ಆಮೇಲೆ ನೇರವಾಗಿ ಇಂಗ್ವಾಲನಿಗೇ ಹೇಳಿದರು.

“ಗೋಡೆ ಮುಗಿಸ್ಕೊಂಡು ದೋಣಿಮನೆಗಳಿಗೆ ಬಾ. ಒಂದೊಂದರ ಮೇಲೂ ದೊಡ್ಡದಾಗಿ ನಂಬರ್ ಬರೆಸಿರ್ತೀನಿ. ಓಸ್ಲೌಗ್ ಬರೀತಾಳೆ. ನಿಂಗೆ ಅವಳ ಅಕ್ಷರ ಓದಿ ಅಭ್ಯಾಸ ಇದೆಯಲ್ಲ.”

ಯಾರಿಗೂ ಅವನ ಮುಖ ನೋಡಲಾಗಲಿಲ್ಲ. ನನ್ನ ತಮ್ಮ ಅಳುವಾಗ ಬಹಳ ಅಸಹ್ಯವಾಗಿ ಕಾಣುತ್ತಾನೆ. ನಾನೇನೂ ಕಡಿಮೆಯಿಲ್ಲ, ವಾಫೆಲ್ ತಟ್ಟೆಯಲ್ಲಿ ಮುಖ ಮುಚ್ಚಿಕೊಂಡಿದ್ದೆ. ಬೋರ್ಗಿಲ್ ಅಣ್ಣನ ಹೆಗಲಿನಿಂದ ಹಗ್ಗ ತೆಗೆದು ಏಣಿಯನ್ನು ವ್ಯಾನಿನ ಮೇಲೆ ಬಿಗಿದು ಕಟ್ಟಿದಳು.

ಭಾನುವಾರ ಅವರ ಮನೆಗೆ ಕಾಫಿಗೆ ಹೋದೆ. ಹೊರಗೆ ಮೂಗು ಉದುರಿಹೋಗುವಂಥ ಚಳಿ. ಒಳಗೆ ಹೋಗಿ ನೋಡಿದರೆ ಒಲೆಯ ಪಕ್ಕದಲ್ಲಿ ಬೋರ್ಗಿಲ್‌ಳ ಕುರ್ಚಿ ಇಲ್ಲ. ಅದು ಅವಳ ತಾಯಿಯ ಕಾಲದ್ದು, ಅದರಲ್ಲಿ ಗಂಡನಿಗೂ ಕೂರಲು ಬಿಡುತ್ತಿರಲಿಲ್ಲ ಅವಳು. ಕುರ್ಚಿಯನ್ನು ತಣ್ಣಗಿನ ಬಾಗಿಲ ಬಳಿ ದೂಡಿದ್ದಳು. ಅದಿದ್ದ ಜಾಗದಲ್ಲಿ, ಬೆಂಕಿಯ ಮುಂದೆ, ನೀರು ಚಿಮ್ಮಿಸುವ ಮೆಷಿನ್. ತನ್ನ ಮದುವೆಯ ಉಣ್ಣೆ ಹೊದಿಕೆಯನ್ನು ಅದಕ್ಕೆ ಕುತ್ತಿಗೆಯವರೆಗೂ ಹೊದಿಸಿದ್ದಳು. ಇಂಗ್ವಾಲ್ ಪಕ್ಕದಲ್ಲಿ ಸ್ಟೂಲಿನ ಮೇಲೆ, ಜ್ವರದ ಮಗುವಿನ ಹತ್ತಿರ ಕೂತವನ ಹಾಗೆ ಕೂತಿದ್ದ.

ಇದೇನೇ ಎಂದೆ.

“ಚಳಿಗೆ ಒಳಗಿನ ಪಂಪು ಒಡೆದುಹೋಗುತ್ತೆ ಅತ್ತಿಗೆ,” ಎಂದಳು ಬೋರ್ಗಿಲ್. ಕೋಟು ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿದಳು.